ಗದ್ದುಗೆ ಇಳಿದವನ ಹೆಸರು

೭ ಸೆಪ್ಟೆಂಬರ್ ೨೦೨೫, ಆದಿತ್ಯವಾರ

ವರ್ಕ್‌ಶಾಪಿನ ಲೈಸೆನ್ಸು ಸುಜಿತನ ಹೆಸರಿಗೆ ಆಯಿತು. ದುಬೈಯ ಅಲ್ ಕೂಜ್‌ನ ಆ ಶಟರು, ಒಳಗಿನ ಮೆಷಿನುಗಳು, ಗೋಡೆಗೆ ಒರಗಿಸಿಟ್ಟ ಅರ್ಧ ಮುಗಿದ ಬೋರ್ಡುಗಳು ಎಲ್ಲ ಇನ್ನು ಅವನದು. ಯಾರೂ ಕೇಳಿದ್ದಲ್ಲ, ನಾನೇ ಕೊಟ್ಟದ್ದು. ನಮ್ಮದು ಅಳಿಯಕಟ್ಟು. ಮಾವನದು ತಂಗಿಯ ಮಗನಿಗೆ ಹೋಗುವುದೆಂದರೆ ನೀರು ತಗ್ಗಿಗೆ ಹರಿದ ಹಾಗೆ. ನನ್ನ ಕೈಗೆ ಬ್ರಷ್ ಕೊಟ್ಟು ಅಕ್ಷರ ಬರೆಯಲು ಕಲಿಸಿದವರೂ ಬಂಟ್ವಾಳದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ನನ್ನ ಸೋದರಮಾವನೇ. ಅರವತ್ತಾರು ಆಯಿತು. ಏಣಿ ಹತ್ತಿದರೆ ಮೊಣಕಾಲು ಮಾತಾಡುತ್ತದೆ. ಈಗ ಮನಸ್ಸು ಹಗುರ.

ಹೆಂಡತಿ ಲೋಲಾಕ್ಷಿ ಹೆಸರುಬೇಳೆ ಪಾಯಸ ಮಾಡಿದ್ದಳು. ಪಕ್ಕದ ಕಟ್ಟಡದಿಂದ ಸುಜಿತನೂ ಅವನ ಹೆಂಡತಿ ಅಶ್ಮಿತಾಳೂ ಬಂದು ಕಾಲು ಮುಟ್ಟಿದರು.

ಉಳಿದದ್ದು ಒಂದೇ ಕೆಲಸ, ವೀಸಾ. ಲೈಸೆನ್ಸು ಹೋದ ಮೇಲೆ ವ್ಯಾಪಾರದ ಪಾರ್ಟ್‌ನರ್ ಎಂಬ ನನ್ನ ವೀಸಾವೂ ಹೋಗುತ್ತದೆ. ಈ ದೇಶದಲ್ಲಿ ನಿಲ್ಲಬೇಕಾದರೆ ಮನುಷ್ಯನಿಗೆ ಒಂದು ಕೆಲಸದ ಹೆಸರು ಬೇಕು. ಸೋದರಮಾವ ಎನ್ನುವ ಸಂಬಂಧಕ್ಕೆ ಇಲ್ಲಿ ವೀಸಾ ಇಲ್ಲ. ಹಾಗಾಗಿ ಸುಜಿತನ ವರ್ಕ್‌ಶಾಪಿನಲ್ಲಿ ನಾನು ಕೆಲಸಗಾರ ಎಂದು ಬರೆಸಬೇಕು, ಲೋಲಾಕ್ಷಿ ನನ್ನ ವೀಸಾದಲ್ಲಿ. ಅಕ್ಟೋಬರ್ ಮುಗಿಯುವುದರೊಳಗೆ ಆಗಬೇಕು, ಇಲ್ಲದಿದ್ದರೆ ಇಬ್ಬರೂ ಊರಿಗೆ. ಅವಸರವಿಲ್ಲ, ಆಗುತ್ತದೆ.

ಮೊದಲೆಲ್ಲ ಇಂಥದ್ದನ್ನು ಊರಿನಲ್ಲಿರುವ ತಂಗಿ ಚಾಮುಂಡೇಶ್ವರಿಗೆ ಕಾಗದ ಬರೆಯುತ್ತಿದ್ದೆ. ಈಗ ಅವಳ ಮುಖ ದಿನಾ ಫೋನಿನಲ್ಲಿ ಬರುತ್ತದೆ, ಕಾಗದ ಯಾಕೆ? ಮತ್ತೆ ಸುಜಿತ್ ಅವಳ ಮಗ. ಅವಳ ಮಗನ ವಿಷಯವನ್ನು ಅವಳಿಗೇ ಬರೆಯುವ ಹಾಗಿಲ್ಲ. ಬ್ಯಾಂಕಿನವರು ಕೊಟ್ಟ ಈ ಡೈರಿ ಖಾಲಿ ಇತ್ತು. ಕೈಗೆ ಬರೆಯುವ ಚಾಳಿ ಇದೆಯಲ್ಲ.

೧೦ ಸೆಪ್ಟೆಂಬರ್, ಬುಧವಾರ

ಸುಜಿತನ ಪಿಕಪ್‌ನಲ್ಲೇ ವರ್ಕ್‌ಶಾಪಿಗೆ ಹೋದೆ. ಮನೆಯಲ್ಲಿ ಕೂತು ಮಾಡುವುದೇನು? ಹುಡುಗನಿಗೆ ಸಹಾಯವಾಗುತ್ತದೆ.

ಅವನು ಇನ್ನೂ ತನಗೊಂದು ಕುರ್ಚಿ ತಂದಿಲ್ಲ. ಮೂಲೆಯ ಸ್ಟೂಲಿನಲ್ಲಿ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ನನ್ನ ಕುರ್ಚಿ ನನ್ನ ಬೆನ್ನಿಗೆ ಒಗ್ಗಿಹೋಗಿದೆ, ಅವನಿಗೆ ಅದು ತಗ್ಗಾಗುತ್ತದೆ.

ಹಾಳೆ ಕತ್ತರಿಸುವ, ಮರ ಕೊರೆಯುವ ರೂಟರ್ ಮೆಷಿನು ನೋಡಿಕೊಳ್ಳುವ ಅನ್ಸಿಫ್ ಮಂಜೇಶ್ವರದವನು, ನಮ್ಮ ಭಾಷೆಯೆಲ್ಲ ಬರುತ್ತದೆ. ಇಲ್ಲಿ ಕೆಲಸದವರು ಯಜಮಾನನನ್ನು ಅರ್ಬಾಬ್ ಎನ್ನುತ್ತಾರೆ. ಅವನು ಈಗಲೂ ನನ್ನನ್ನೇ ಅರ್ಬಾಬ್ ಎನ್ನುವುದು. ದಂತ ಡಾಕ್ಟರರ ಬೋರ್ಡಿಗೆ ಅಕ್ರಿಲಿಕ್ ಹಾಳೆ ಎಷ್ಟು ದಪ್ಪ ಎಂದು ಕೇಳಿದ, ಹೇಳಿದೆ. ಸುಜಿತ್ ಮೊದಲೇ ಬೇರೆ ಲೆಕ್ಕ ಹೇಳಿದ್ದನಂತೆ. ಅನ್ಸಿಫ್ ನನ್ನ ಮಾತಿನ ಹಾಗೆ ಕತ್ತರಿಸಿದ. ಸುಜಿತ್ ಬಂದು ನೋಡಿದ, ಹೊಸ ಹಾಳೆ ತರಿಸಿ ಮತ್ತೆ ಕತ್ತರಿಸಲು ಹೇಳಿದ. ಗಿರಾಕಿಗೆ ತೆಳುವೇ ಬೇಕಿತ್ತು ಅಂತೆ. ಈಗಿನವರಿಗೆ ಎಲ್ಲವೂ ತೆಳು.

ಸಂಜೆ ಡೇರಾದಲ್ಲಿ ಬೋರ್ಡು ಕೂರಿಸಿದೆವು. ಕೊನೆಯ ಸ್ಕ್ರೂ ನಾನೇ ಬಿಗಿ ಮಾಡಿದೆ. ಅದು ಮೊದಲಿನಿಂದಲೂ ಇರುವ ಕ್ರಮ. ಬೋರ್ಡು ಯಾರೇ ಕಟ್ಟಲಿ, ಕೊನೆಯ ಸ್ಕ್ರೂ ಯಜಮಾನನ ಕೈಯದು. ನಾಳೆ ಅದು ಬಿದ್ದರೆ ಯಾರನ್ನು ಕೇಳಬೇಕೆಂದು ಎಲ್ಲರಿಗೂ ಗೊತ್ತಿರಬೇಕಲ್ಲ.

೧೬ ಸೆಪ್ಟೆಂಬರ್, ಮಂಗಳವಾರ

ಇವತ್ತು ಒಂದು ಚಂದದ ಕೆಲಸ ಬಂತು. ತಂದವಳು ಶೈಮಾ, ಇಲ್ಲಿಯದೇ ಎಮಿರಾತಿ ಹುಡುಗಿ, ಜಪಾನಿನಲ್ಲಿ ಓದಿ ಬಂದವಳು. ನಮ್ಮ ಬೀದಿಯ ಆಚೆ ಹಳೇ ಗೋದಾಮನ್ನು ಪ್ರದರ್ಶನದ ಹಾಲ್ ಮಾಡಿದ್ದಾರಲ್ಲ, ಅಲ್ಲಿ ನವೆಂಬರಿನಲ್ಲಿ ಅವಳದೊಂದು ಪ್ರದರ್ಶನ. ಜಪಾನಿನ ಚಕ್ರವರ್ತಿಗಳನ್ನು ಕರೆಯುವ ಹೆಸರುಗಳು ಎಲ್ಲಿಂದ ಬಂದವು ಎಂಬುದೇ ವಿಷಯ. ಒಂದೊಂದು ಬಿರುದಿಗೆ ಒಂದೊಂದು ಮರದ ಫಲಕ. ಅರಬ್ಬಿ, ಇಂಗ್ಲಿಷ್, ಜಪಾನಿ, ಮೂರು ಲಿಪಿ. ಬರಹ ತಯಾರಾದ ಹಾಗೆ ತಂದು ಕೊಡುತ್ತಾಳಂತೆ.

ಅರ್ಥ ಗೊತ್ತಿಲ್ಲದ ಅಕ್ಷರ ಬರೆಯಬಾರದು ಎನ್ನುವುದು ನನ್ನ ಮಾವನ ಶಾಸ್ತ್ರ. ಬ್ರಷ್ ಹೋಗಿ ಮೆಷಿನು ಬಂದರೂ ನಾನು ಅದನ್ನು ಬಿಟ್ಟಿಲ್ಲ. ಗಿರಾಕಿಯನ್ನು ಕೂರಿಸಿ, ಚಹಾ ಕೊಟ್ಟು, ಬರಹ ಓದಿಸಿ, ಅರ್ಥ ಕೇಳಿ ಆಮೇಲೆಯೇ ಮೆಷಿನಿಗೆ ಹಾಕುವುದು. ಇಂಗ್ಲಿಷು, ಅರಬ್ಬಿ ಎಲ್ಲ ನಾನು ಕಲಿತದ್ದೇ ಹಾಗೆ. ಶೈಮಾಳಿಗೂ ಚಹಾ ಕೊಟ್ಟೆ. ಅವಳು ನನ್ನನ್ನು ಚಾಚಾ ಎಂದು ಕರೆದು ಹಿಂದಿಯಲ್ಲಿ ಬಿಡಿಸಿ ಹೇಳಿದಳು.

ಈಗಿನ ಬಿರುದು ತೆನ್ನೋ. ಆಕಾಶದ ಒಡೆಯ ಎಂದು ಸುಮಾರಾಗಿ ಅರ್ಥ. ಅದಕ್ಕೂ ಮೊದಲು ಬರೀ ದೊಡ್ಡ ದೊರೆ ಎನ್ನುತ್ತಿದ್ದರಂತೆ. ಇನ್ನೊಂದು ಹಳೇ ಹೆಸರು ಮಿಕಾಡೊ. ಅದರ ಮೂಲ ಅರ್ಥ ಬಾಗಿಲು, ಗೌರವದ ಹೆಬ್ಬಾಗಿಲು. ದೊರೆಯನ್ನು ನೇರವಾಗಿ ನಾಲಿಗೆಗೆ ತರಬಾರದೆಂದು ಅವನ ಮನೆಯ ಬಾಗಿಲನ್ನು ಹೇಳಿ ಅವನನ್ನು ಸೂಚಿಸುವುದು. ನಾನು ಬೆರಗಾಗಿ ಮನೆಗೆ ಬಂದು ಲೋಲಾಕ್ಷಿಗೆ ಹೇಳಿದೆ. ಅವಳು ಮೀನು ತೊಳೆಯುತ್ತಿದ್ದಳು.

“ಅದಕ್ಕೆ ಜಪಾನಿಗೆ ಹೋಗಬೇಕಾ? ಮದುವೆಯಾದಲ್ಲಿಂದ ನಾನು ನಿಮ್ಮ ಹೆಸರು ಹೇಳಿದ್ದುಂಟಾ? ನಮ್ಮ ಮನೆಯವರು, ಮನೆಯವರು ಅಂತಲೇ ಹೇಳುವುದು.”

ಹೌದಲ್ಲ ಎನಿಸಿತು.

೧೮ ಸೆಪ್ಟೆಂಬರ್, ಗುರುವಾರ

ಶೈಮಾ ಇನ್ನೊಂದು ಬರಹ ತಂದಳು. ಗದ್ದುಗೆ ಬಿಟ್ಟ ಚಕ್ರವರ್ತಿಗೂ ಜಪಾನಿನಲ್ಲಿ ಒಂದು ಬಿರುದು ಇದೆ. ಉದ್ದಕ್ಕೆ ದಾಇಜೋ ತೆನ್ನೋ, ಗಿಡ್ಡಕ್ಕೆ ಜೋಕೋ. ಮೇಲಿನ ಒಡೆಯ ಎಂದ ಹಾಗೆ. ಹದಿಮೂರು ಶತಮಾನದ ಹಿಂದೆ ಜಿತೋ ಎನ್ನುವ ಮಹಾರಾಣಿ ಮೊಮ್ಮಗನಿಗೆ ಗದ್ದುಗೆ ಬಿಟ್ಟುಕೊಟ್ಟಳು. ಈ ಬಿರುದು ಮೊದಲು ಅವಳಿಗೆ ಸಿಕ್ಕಿದ್ದು. ಶೈಮಾ ಅಲ್ಲಿ ಓದುತ್ತಿದ್ದಾಗ, ೨೦೧೯ರಲ್ಲಿ, ಅಲ್ಲಿಯ ಚಕ್ರವರ್ತಿ ಗದ್ದುಗೆ ಬಿಟ್ಟರಲ್ಲ. ಸುಮಾರು ಇನ್ನೂರು ವರ್ಷದಿಂದ ಯಾರೂ ಹಾಗೆ ಬಿಟ್ಟಿರಲಿಲ್ಲ. ಇಳಿದವರನ್ನು ಏನೆಂದು ಕರೆಯುವುದೆಂದು ದೊಡ್ಡ ದೊಡ್ಡವರೆಲ್ಲ ಕೂತು ಯೋಚಿಸಿ, ಕೊನೆಗೆ ಗಿಡ್ಡ ಹೆಸರನ್ನೇ ಇಟ್ಟರಂತೆ.

ಇದರ ಮಧ್ಯೆ ಒಂದು ಕಾಲ ಇತ್ತಂತೆ. ಗದ್ದುಗೆ ಬಿಟ್ಟೆ ಎಂದು ಹೇಳಿ, ಮಠದಂಥ ಮನೆಯಲ್ಲಿ ಕೂತು, ಅಲ್ಲಿಂದಲೇ ರಾಜ್ಯ ಆಳಿದ ಹಳೇ ಚಕ್ರವರ್ತಿಗಳು. ಗದ್ದುಗೆಯ ಮೇಲೆ ಕೂತ ಮಗ ಬರೀ ಬೊಂಬೆ. ಜನ ಅಪ್ಪಣೆಗೆ ಹೋಗುತ್ತಿದ್ದದ್ದು ಮುದುಕನ ಹತ್ತಿರ. ಇದು ನನಗೆ ಸರಿ ಕಾಣಲಿಲ್ಲ. ಕೊಟ್ಟ ಮೇಲೆ ಕೊಟ್ಟ ಹಾಗಲ್ಲವೇ? ಶೈಮಾಳಿಗೂ ಅದನ್ನೇ ಹೇಳಿದೆ.

ಜ್ಯೂಸ್ ಅಂಗಡಿಯ ಬೋರ್ಡಿಗೆ ಸುಜಿತ್ ಹಳದಿ ಅಂಚು ಹಾಕಿಸಿದ್ದ. ಅವನು ಊಟಕ್ಕೆ ಹೋದಾಗ ಅನ್ಸಿಫ್‌ಗೆ ಹೇಳಿ ಕೆಂಪು ಮಾಡಿಸಿದೆ. ದೂರಕ್ಕೆ ಎದ್ದು ಕಾಣುತ್ತದೆ.

ಜೋಕೋ ಎಂಬ ಹೆಸರು ಕೇಳಿ ಲೋಲಾಕ್ಷಿಗೆ ನಗು. ನಮ್ಮ ತುಳುವಿನಲ್ಲಿ ಜೋಕುಲು ಎಂದರೆ ಮಕ್ಕಳು. “ಸರಿಯಾಗಿಯೇ ಇಟ್ಟಿದ್ದಾರೆ. ಮುದುಕರಾದ ಮೇಲೆ ಜೋಕುಲೇ” ಎಂದಳು.

೨೩ ಸೆಪ್ಟೆಂಬರ್, ಮಂಗಳವಾರ

ಸುಜಿತ್ ಟೈಪಿಂಗ್ ಸೆಂಟರಿಗೆ ಕರೆದುಕೊಂಡು ಹೋದ. ವೀಸಾ ಕಾಗದ ಬೆರಳಚ್ಚು ಮಾಡುವ ಬ್ರೆಂಡಾ ಬಾಯಿ ಮಂಗಳೂರಿನವರು, ಕೊಂಕಣಿ ಕ್ರಿಸ್ತಿಯನ್ನರು, ನಮ್ಮ ಎಲ್ಲ ಕಾಗದ ಮಾಡಿದವರು. ಕೆಲಸದ ಹೆಸರು ಏನು ಹಾಕುವುದು ಎಂದು ಕೇಳಿದರು. ಸುಜಿತ್ ಸಲಹೆಗಾರ ಎಂದ. ಬೇಡ, ಮ್ಯಾನೇಜರ್ ಎಂದ. ಬ್ರೆಂಡಾ ಕನ್ನಡಕ ಏರಿಸಿದರು.

“ಅದಕ್ಕೆಲ್ಲ ಡಿಗ್ರಿ ಬೇಕು, ಡಿಗ್ರಿಗೆ ಎಂಬೆಸಿಯ ಸ್ಟ್ಯಾಂಪ್ ಬೇಕು. ನಿಮ್ಮ ಹತ್ತಿರ ಎಂತ ಉಂಟು ಪೂವಪ್ಪಣ್ಣ?”

“ಏಳನೇ ಕ್ಲಾಸು ಉಂಟು.”

“ಅದಕ್ಕೆ ಸ್ಟ್ಯಾಂಪ್ ಹಾಕುವ ಎಂಬೆಸಿ ಇನ್ನೂ ಹುಟ್ಟಲಿಲ್ಲ.”

ಸುಜಿತನೂ ನಕ್ಕ. ನಗುವ ಮಾತೇ, ನಾನೂ ನಕ್ಕೆ. ಸರ್ಟಿಫಿಕೇಟು ಇಲ್ಲದವರಿಗೆ ಏನುಂಟು ಎಂದು ಕೇಳಿದ್ದಕ್ಕೆ ಹೆಲ್ಪರ್, ಲೋಡರ್, ಕ್ಲೀನರ್ ಎಂದು ಓದಿದರು. ಯೋಚನೆ ಮಾಡಿ ಹೇಳುತ್ತೇವೆ ಎಂದು ಬಂದೆವು.

ವೀಸಾದಲ್ಲಿ ಬರೆದ ಕೆಲಸವನ್ನೇ ಮಾಡಿದವರು ಈ ಊರಿನಲ್ಲಿ ಎಷ್ಟು ಜನ ಸಿಕ್ಕಾರು? ನಾನು ಮೊದಲ ಸಲ ಬಂದದ್ದು ಮೇಸ್ತ್ರಿ ಎಂದು, ಒಂದು ಕಲ್ಲು ಇಟ್ಟವನಲ್ಲ. ಆಮೇಲೆ ಪ್ಲಂಬರ್ ಎಂದು, ಒಂದು ನಲ್ಲಿ ತಿರುಗಿಸಿದವನಲ್ಲ. ಬರೆದದ್ದೆಲ್ಲ ಬೋರ್ಡು. ಆಗ ಅದು ತಮಾಷೆಯಾಗಿತ್ತು. ಯಾಕೆಂದರೆ ಆಗ ನಾನು ಏನೆಂದು ನನಗೆ ಗೊತ್ತಿತ್ತು.

೨೭ ಸೆಪ್ಟೆಂಬರ್, ಶನಿವಾರ

ಬರ್ ದುಬೈಯಲ್ಲಿ ಬಟ್ಟೆ ಅಂಗಡಿಯ ಬೋರ್ಡು ಕಟ್ಟುವುದಿತ್ತು. ನನಗೆ ಡೇರಾದಲ್ಲಿ ಒಬ್ಬರನ್ನು ನೋಡಿ ಬರುವುದಿತ್ತು, ಅಬ್ರಾ ದೋಣಿ ದಾಟಿ ಹೋಗುವಾಗ ಸ್ವಲ್ಪ ತಡವಾಯಿತು. ಬೋರ್ಡು ಏರಿ ಆಗಿತ್ತು. ಕೊನೆಯ ಸ್ಕ್ರೂ ಸುಜಿತ್ ಬಿಗಿ ಮಾಡಿದ್ದ. ಅಂಗಡಿಯವರು ಅವನ ಕೈ ಕುಲುಕುತ್ತಿದ್ದರು.

ಚೆನ್ನಾಗಿ ಬಂದಿದೆ ಎಂದೆ.

೧ ಅಕ್ಟೋಬರ್, ಬುಧವಾರ

ಆಯುಧಪೂಜೆ. ಮೆಷಿನಿಗೆ ಹೂವು ಹಾಕಿದರು. ಕಾಯಿ ಒಡೆಯಲು ಸುಜಿತ್ ನನ್ನ ಕೈಗೇ ಕೊಟ್ಟ. ಒಡೆದೆ.

೬ ಅಕ್ಟೋಬರ್, ಸೋಮವಾರ

ವರ್ಕ್‌ಶಾಪಿನ ಕಸ ತೆಗೆಯುವವನು ಊರಿಗೆ ಹೋಗಿದ್ದಾನೆ. ಅಕ್ರಿಲಿಕ್ ಪುಡಿ ಎಲ್ಲ ಕಡೆ. ಯಾರಿಗೂ ಕಣ್ಣಿಗೆ ಬೀಳುವುದಿಲ್ಲ. ಪಿಕಪ್‌ಗೆ ಕಾಯದೆ ಬೆಳಗ್ಗೆಯೇ ಬಸ್ಸಿನಲ್ಲಿ ಹೋಗಿ, ಶಟರು ತೆರೆದು ಹಿಡಿಸೂಡಿ ತೆಗೆದುಕೊಂಡೆ. ಒಳಗೆ ಮುಗಿಸಿ ಹೊರಗೆ ಬಾಗಿಲಿನ ಹತ್ತಿರ ಗುಡಿಸುವಾಗ ಅನ್ಸಿಫ್ ಬಂದ. ಹಿಡಿಸೂಡಿ ಎಳೆದುಕೊಳ್ಳಲು ನೋಡಿದ, ಕೊಡಲಿಲ್ಲ. ಉಳಿದ ಹುಡುಗರು ಬೀದಿಯಲ್ಲೇ ನಿಂತರು.

ಸುಜಿತನ ಪಿಕಪ್ ಬಂತು. ನಾನು ಹಿಡಿಸೂಡಿ ಹಿಡಿದುಕೊಂಡೇ ದಾರಿ ಬಿಟ್ಟು ಹಿಂದೆ ಹಿಂದೆ ಸರಿದೆ.

“ಬನ್ನಿ ಅರ್ಬಾಬ್. ಯಜಮಾನರು ಬರುವಾಗ ಬಾಗಿಲು ಶುದ್ಧ ಬೇಕಲ್ಲ.”

ನಾನು ತಮಾಷೆಗೆ ಹೇಳಿದ್ದು. ಯಾರೂ ನಗಲಿಲ್ಲ. ಸುಜಿತ್ ಇಂಜಿನು ಆರಿಸದೆ ಒಳಗೇ ಕೂತಿದ್ದ. ಆಮೇಲೆ ಗಾಡಿ ಹಿಂದಕ್ಕೆ ತಿರುಗಿಸಿ ಹೊರಟುಹೋದ. ಮಧ್ಯಾಹ್ನದ ಹೊತ್ತಿಗೆ ಬಂದ. ಏನೋ ಕೆಲಸ ಇದ್ದಿರಬೇಕು.

ನೆಲ ಕನ್ನಡಿಯ ಹಾಗಾಗಿತ್ತು.

೮ ಅಕ್ಟೋಬರ್, ಬುಧವಾರ

ನಿನ್ನೆಯೂ ಇವತ್ತೂ ಗುಡಿಸಿದೆ. ಕೆಲಸಕ್ಕೆ ನಾಚಿಕೆ ಏನು?

ಹಾಗೇ ಬ್ರೆಂಡಾರ ಹತ್ತಿರ ಹೋಗಿ ಕ್ಲೀನರ್ ಎಂದೇ ಬರೆಯಿರಿ ಎಂದೆ. ಅವರು ಮೊದಲು ನಕ್ಕರು. ನಾನು ನಗದಿರುವುದನ್ನು ನೋಡಿ ಕೈ ಕಟ್ಟಿ ಕೂತರು. ಏಳನೇ ಕ್ಲಾಸಿಗೆ ಸಿಗುವುದು ಅದೇ ಎಂದು ನೀವೇ ಓದಿದಿರಲ್ಲ, ಮಾಡುತ್ತಿರುವುದೂ ಅದೇ, ಒಂದು ಸಲವಾದರೂ ವೀಸಾದಲ್ಲಿ ನಿಜ ಇರಲಿ ಎಂದೆ. ಟೈಪ್ ಮಾಡಿ ಕೊಟ್ಟರು. ಕಂಪೆನಿಯ ಸಹಿ ಬೇಕು ಎಂದರು. ಕಾಗದ ತಂದು ಸುಜಿತನ ಲ್ಯಾಪ್‌ಟಾಪಿನ ಮೇಲೆ ಇಟ್ಟೆ.

೯ ಅಕ್ಟೋಬರ್, ಗುರುವಾರ

ಸಹಿ ಆಗಲಿಲ್ಲ. ಕಾಗದ ಡ್ರಾಯರಿನೊಳಗೆ ಹೋಯಿತು. ಸುಜಿತ್ ನನ್ನೊಡನೆ ಮಾತು ಬಿಟ್ಟಿದ್ದಾನೆ. ಬಿಟ್ಟಿಲ್ಲ, ಕೆಲಸದ ಮಾತು ಆಡುತ್ತಾನೆ.

ಲೋಲಾಕ್ಷಿಗೆ ಅಶ್ಮಿತಾಳಿಂದ ಸುದ್ದಿ ಸಿಕ್ಕಿದೆ. ಊಟಕ್ಕೆ ಬಡಿಸಿ ಎದುರಿಗೆ ಕೂತಳು.

“ಕ್ಲೀನರಿನ ಸಂಬಳಕ್ಕೆ ಹೆಂಡತಿಯ ವೀಸಾ ಸಿಗುತ್ತದಾ?”

ಅದನ್ನು ನಾನು ಯೋಚಿಸಿರಲಿಲ್ಲ.

“ನಿಮಗೆ ಕಸ ಗುಡಿಸಬೇಕಾದರೆ ಮನೆಯಲ್ಲಿ ಬೇಕಾದಷ್ಟು ಉಂಟು. ಮನೆಯಲ್ಲಿ ಒಂದು ದಿನ ಹಿಡಿಸೂಡಿ ಮುಟ್ಟಿದವರಲ್ಲ. ಅಲ್ಲಿ ಅಷ್ಟು ಜನರ ಎದುರು ಯಾಕೆ?”

ಮಜ್ಜಿಗೆ ಕೇಳಿದೆ. ಎದ್ದು ತಂದು ಕೊಟ್ಟಳು.

೧೦ ಅಕ್ಟೋಬರ್, ಶುಕ್ರವಾರ

ತಂಗಿಯ ಫೋನ್. ಊಟ ಆಯಿತಾ, ಮೊಣಕಾಲು ಹೇಗುಂಟು ಎಂದೆಲ್ಲ ಕೇಳಿದ ಮೇಲೆ ಕೇಳಿದಳು.

“ಅಣ್ಣಾ, ಸುಜಿತ್ ಎಂತ ತಪ್ಪು ಮಾಡಿದ? ನಿನ್ನೆ ಫೋನ್ ಮಾಡಿ ಮಾಮ ಅಂತ ಒಂದು ಮಾತು ಹೇಳಿದ. ಮತ್ತೆ ಎಷ್ಟು ಕೇಳಿದರೂ ಮಾತಿಲ್ಲ.”

ತಪ್ಪೇನೂ ಇಲ್ಲ, ಕೆಲಸ ಜಾಸ್ತಿ, ಅದಕ್ಕೆ ಎಂದೆ. ಸುಳ್ಳಲ್ಲ.

೧೪ ಅಕ್ಟೋಬರ್, ಮಂಗಳವಾರ

ಶೈಮಾ ಕೊನೆಯ ಫಲಕದ ಬರಹ ತಂದಳು. ಜೋಕೋ ಎನ್ನುವ ಬಿರುದು ಎಲ್ಲಿಂದ ಬಂತು ಎನ್ನುವುದು. ಜಪಾನಿನವರು ಅದನ್ನು ಚೀನಾದಿಂದ ತೆಗೆದುಕೊಂಡರಂತೆ. ಅವಳು ಹೇಳಿದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ.

ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಒಬ್ಬ ಹಳ್ಳಿಯವನು ಯುದ್ಧ ಮಾಡಿ ಗೆದ್ದು ಚಕ್ರವರ್ತಿಯಾದ. ಅವನ ಅಪ್ಪ ಇನ್ನೂ ಬದುಕಿದ್ದ, ಸಾಮಾನ್ಯ ಮನುಷ್ಯ. ಮಗ ಐದು ದಿನಕ್ಕೊಮ್ಮೆ ಅಪ್ಪನ ಮನೆಗೆ ಬಂದು, ಮನೆಮಗ ಮಾಡುವ ಹಾಗೆಯೇ ಕಾಲಿಗೆ ಬೀಳುತ್ತಿದ್ದ. ಅಪ್ಪನ ಮನೆಯ ಮೇಲ್ವಿಚಾರಕನಿಗೆ ಇದು ಹಿಡಿಸಲಿಲ್ಲ. ಆಕಾಶಕ್ಕೆ ಎರಡು ಸೂರ್ಯ ಇಲ್ಲ, ಮನೆಯಲ್ಲಿ ಅವನು ಮಗ, ಆದರೆ ಲೋಕಕ್ಕೆ ದೊರೆ; ದೊರೆ ಪ್ರಜೆಯ ಕಾಲಿಗೆ ಬಿದ್ದರೆ ಅವನ ಮಾತಿಗೆ ತೂಕ ಎಲ್ಲಿರುತ್ತದೆ ಎಂದು ಹೇಳಿದ. ಮುಂದಿನ ಸಲ ಮಗನ ಗಾಡಿ ಬಂದಾಗ ಅಪ್ಪ ಹಿಡಿಸೂಡಿ ಹಿಡಿದುಕೊಂಡು ಬಾಗಿಲಿಗೆ ಬಂದ. ಮಗನಿಗೆ ಬೆನ್ನು ಹಾಕದೆ, ಆಳಿನ ಹಾಗೆ ಹಿಂದೆ ಹಿಂದೆ ನಡೆದ.

ಇಲ್ಲಿಯವರೆಗೆ ಓದಿ ಶೈಮಾ ಚಹಾ ಕುಡಿದಳು. ನಾನು ಆಮೇಲೆ ಎಂದೆ.

ಮಗ ಗಾಬರಿಯಾಗಿ ಗಾಡಿಯಿಂದ ಇಳಿದು ಅಪ್ಪನನ್ನು ಹಿಡಿದುಕೊಂಡ. ಚಕ್ರವರ್ತಿ ಎಲ್ಲರಿಗೂ ಒಡೆಯ, ನನ್ನಿಂದಾಗಿ ಲೋಕದ ಕ್ರಮ ಕೆಡುವುದು ಬೇಡ ಎಂದು ಅಪ್ಪ ಹೇಳಿದ. ಆಗ ಮಗ ಯೋಚಿಸಿ ಅಪ್ಪನಿಗೆ ಒಂದು ಬಿರುದು ಮಾಡಿದ, ಎಲ್ಲರಿಗಿಂತ ಮೇಲಿನ ಒಡೆಯ ಎಂದು. ಚೀನಾದವರ ಭಾಷೆಯಲ್ಲಿ ಚಕ್ರವರ್ತಿ ಎನ್ನುವ ಮಾತಿನಲ್ಲಿ ಆಳುವುದಕ್ಕೆ ಸೇರಿದ ತುಂಡು ಒಂದಿರುತ್ತದೆ, ಅದನ್ನು ಮಾತ್ರ ಬಿಟ್ಟ. ಸ್ಥಾನ ಇದೆ, ಅಪ್ಪಣೆ ಇಲ್ಲ. ಆ ಹೆಸರೇ ಸಮುದ್ರ ದಾಟಿ ಜಪಾನಿಗೆ ಹೋಗಿ ಗದ್ದುಗೆ ಬಿಟ್ಟವರ ಬಿರುದಾಯಿತು.

ಆ ಮುದುಕ ಹಾಗೆ ಯಾಕೆ ಮಾಡಿದ ಎಂದು ಶೈಮಾಳನ್ನು ಕೇಳಿದೆ. ವಿನಯ ಎನ್ನುವವರೂ ಇದ್ದಾರೆ, ಜಾಣತನ ಎನ್ನುವವರೂ ಇದ್ದಾರೆ, ನಿಮಗೆ ಏನೆನಿಸುತ್ತದೆ ಚಾಚಾ ಎಂದಳು.

“ಮಗನಿಗೆ ನೋವಾಗಲಿ ಎಂದೇ ಮಾಡಿದ್ದು.”

ನನ್ನ ಬಾಯಿಂದ ಹಾಗೆ ಬಂತು. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದು ಅವಳು ಕೇಳಿದಳು. ವಯಸ್ಸಾದವರಿಗೆ ತಿಳಿಯುತ್ತದೆ ಎಂದೆ. ಹೊರಗೆ ಬಾಗಿಲಿಗೆ ಒರಗಿಸಿಟ್ಟ ಹಿಡಿಸೂಡಿ ನಾವು ಕೂತಲ್ಲಿಗೆ ಕಾಣುತ್ತಿತ್ತು. ಎದ್ದು ಹೋಗಿ ಒಳಗೆ ಇಟ್ಟು ಬಂದೆ.

ಅರಮನೆಗೆ ಬಂದ ಮೇಲೆ ಆ ಮುದುಕನಿಗೆ ಹಳ್ಳಿಯ ನೆನಪು ಹತ್ತಿ, ಮಗ ಅದೇ ಹಳ್ಳಿಯ ಹಾಗೆ ಇನ್ನೊಂದು ಊರನ್ನು ಕಟ್ಟಿಸಿಕೊಟ್ಟನೆಂದೂ ಕಥೆ ಇದೆಯಂತೆ. ಲೋಲಾಕ್ಷಿಗೆ ಹೇಳಿದಾಗ ಕಿಟಕಿಯ ಹೊರಗೆ ಕೈ ತೋರಿಸಿದಳು. ನಾವಿರುವುದು ದೇಶದೇಶದ ಮಾದರಿಯಲ್ಲಿ ಕಟ್ಟಿದ ಇಂಟರ್‌ನ್ಯಾಷನಲ್ ಸಿಟಿಯ ಚೈನಾ ಕ್ಲಸ್ಟರಿನಲ್ಲಿ. “ಇಲ್ಲಿ ಚೀನಾ ಕಟ್ಟಿದ್ದಾರೆ. ಬಂಟ್ವಾಳ ಒಂದು ಕಟ್ಟುವುದು ಬಿಟ್ಟುಹೋಯಿತು.”

೧೫ ಅಕ್ಟೋಬರ್, ಬುಧವಾರ

ಬಸ್ಸಿಗೆ ಹೋಗಲಿಲ್ಲ, ಮೊಣಕಾಲು ನೋಯುತ್ತಿತ್ತು. ಕೆಳಗಿಳಿದು ಪಿಕಪ್‌ನ ಹತ್ತಿರ ನಿಂತೆ. ಸುಜಿತ್ ಬಂದು ನೋಡಿ ಬಾಗಿಲು ತೆಗೆದ. ಅರ್ಧ ದಾರಿ ಹೋದೆವು. ಮುಂದೆ ಲಾರಿಗಳ ಸಾಲು ನಿಂತಿತು. ಆಗ ಅವನು ರಸ್ತೆ ನೋಡಿಕೊಂಡೇ ಹೇಳಿದ.

“ಮಾಮ, ಲೈಸೆನ್ಸು ನಾನು ಕೇಳಿದ್ದಲ್ಲ.”

“ಅಲ್ಲ. ನಾನೇ ಕೊಟ್ಟದ್ದು.”

“ಕೊಟ್ಟವರು ಹಿಡಿಸೂಡಿ ಹಿಡಿದು ನಿಂತರೆ ತೆಗೊಂಡವನು ಎಲ್ಲಿ ನಿಲ್ಲುವುದು?”

ಆ ಚೀನಾದ ಕಥೆ ಹೇಳಿದೆ. ಶೈಮಾ ಹೇಳಿದ ಹಾಗೆಯೇ, ಮೇಲ್ವಿಚಾರಕನನ್ನೂ ಬಿಡದೆ. ಅವನು ಪೂರ್ತಿ ಕೇಳಿದ.

“ಆ ಮಗ ಎಂತ ಮಾಡಿದ ಅಂದಿರಿ?”

“ಗಾಡಿಯಿಂದ ಇಳಿದ.”

ಸುಜಿತ್ ಸ್ಟಿಯರಿಂಗಿನ ಮೇಲೆ ಬೆರಳು ಉಜ್ಜಿದ. “ನಾನು ಇಳಿಯಲಿಲ್ಲ ಮಾಮ. ಗಾಡಿ ತಿರುಗಿಸಿದೆ.”

“ಅವನದು ಕುದುರೆ ಗಾಡಿ ಮಾರಾಯ. ರಿವರ್ಸ್ ಇರಲಿಲ್ಲ.”

ಅವನು ಕಣ್ಣು ಒರೆಸಿಕೊಂಡು ನಕ್ಕ. ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಮುಂದೆ ದಾರಿ ಖಾಲಿಯಾಗಿತ್ತು.

ವರ್ಕ್‌ಶಾಪಿಗೆ ಹೋಗಿ ಡ್ರಾಯರಿನ ಕಾಗದ ತೆಗೆದು ಹರಿದೆ. ಅವನು ನೋಡಿದ. ಬ್ರೆಂಡಾರ ಹತ್ತಿರ ನಾನು ಹೋಗುತ್ತೇನೆ, ನೀವು ಬರುವುದು ಬೇಡ ಎಂದ.

೧೭ ಅಕ್ಟೋಬರ್, ಶುಕ್ರವಾರ

ವಿಶೇಷ ಏನಿಲ್ಲ. ಫಲಕಗಳ ಅರಬ್ಬಿ ಅಕ್ಷರ ಒಂದೊಂದೇ ನೋಡುವುದರಲ್ಲಿ ದಿನ ಹೋಯಿತು. ಸ್ಟೂಲಿನಲ್ಲಿ ಕೂತರೆ ಬೆಳಕು ಚೆನ್ನಾಗಿ ಬೀಳುತ್ತದೆ, ಬೆನ್ನೂ ನೆಟ್ಟಗಿರುತ್ತದೆ. ಕುರ್ಚಿ ಖಾಲಿ ಇತ್ತು, ಸುಜಿತ್ ಕೂತ. ತಗ್ಗೇನೂ ಆಗಲಿಲ್ಲ.

ಅನ್ಸಿಫ್ ಫಲಕದ ಕೊರೆತ ಎಷ್ಟು ಆಳ ಎಂದು ಕೇಳಿದ. ಸುಜಿತನನ್ನು ಕೇಳು ಎಂದೆ. ನನ್ನ ತಲೆಯಲ್ಲಿ ಆಗ ಜಪಾನಿ ಲಿಪಿ ಇತ್ತು. ಸುಜಿತ್ ಹೇಳಿದ ಆಳ ನನಗಾದರೆ ಸ್ವಲ್ಪ ಕಡಿಮೆಯೇ ಎನಿಸುತ್ತಿತ್ತು. ಕೊರೆದ ಮೇಲೆ ನೋಡಿದರೆ ನೆರಳು ಹದವಾಗಿ ಬೀಳುತ್ತಿದೆ.

ತಂಗಿಗೆ ಫೋನ್ ಮಾಡಿದೆ. ಕಸ ಗುಡಿಸಿದ ಕಥೆಯನ್ನು ಪೂರ್ತಿ ಹೇಳಿದೆ. “ಈ ವಯಸ್ಸಿನಲ್ಲಿ ನಿನಗೆ ಬೇರೆ ಕೆಲಸ ಇಲ್ಲವಾ ಅಣ್ಣಾ” ಎಂದು ಸರಿಯಾಗಿ ಬೈದಳು. ಅವಳು ಹೀಗೆ ಬೈಯದೆ ವರ್ಷಗಳಾಗಿದ್ದವು.

೨೩ ಅಕ್ಟೋಬರ್, ಗುರುವಾರ

ವೀಸಾ ಕಾಗದ ಬಂತು. ಸುಜಿತ್ ಮನೆಗೇ ತಂದು ಲೋಲಾಕ್ಷಿಯ ಕೈಗೆ ಕೊಟ್ಟ. ಕೆಲಸದ ಹೆಸರು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು. ಎರಡನ್ನೂ ಓದಿದೆ. ಬೋರ್ಡು ಬರೆಯುವ ಪೇಂಟರ್.

ಅವನು ಬ್ರೆಂಡಾರ ಪಕ್ಕದಲ್ಲಿ ಕೂತು ಕೆಲಸಗಳ ಹೆಸರನ್ನು ಮೇಲಿಂದ ಕೆಳಗೆ ಓದಿಸಿದನಂತೆ. ಇದು ಕೈಕಸುಬು, ಡಿಗ್ರಿ ಕೇಳುವುದಿಲ್ಲ. ಸಂಬಳ ಲೋಲಾಕ್ಷಿಯ ವೀಸಾಕ್ಕೆ ಸಾಲುವಷ್ಟು ಬರೆಸಿದ್ದಾನೆ. “ಇಷ್ಟು ವರ್ಷ ಇದೇ ಕೆಲಸ ಮಾಡಿದವರಿಗೆ ಇದು ನಮಗೆ ಮೊದಲೇ ಯಾಕೆ ನೆನಪಾಗಲಿಲ್ಲ” ಎಂದು ಬ್ರೆಂಡಾ ತಲೆ ಚಚ್ಚಿಕೊಂಡರಂತೆ.

ಮೇಸ್ತ್ರಿ, ಪ್ಲಂಬರ್, ಪಾರ್ಟ್‌ನರ್ ಎಲ್ಲ ಆಗಿ ಈಗ ಇದು. ಕಾಗದವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತಿದ್ದೆ.

“ಆದರೆ ಈಗ ಬ್ರಷ್ ಹಿಡಿಯುವುದೇ ಇಲ್ಲವಲ್ಲ. ಹಾಗಾದರೆ ಇದೂ ಸುಳ್ಳೇ ಆಯಿತು” ಎಂದಳು ಲೋಲಾಕ್ಷಿ.

“ಇರಲಿ ಮಾಮಿ. ಪೂರ್ತಿ ನಿಜ ಬರೆದರೆ ಇಲ್ಲಿ ವೀಸಾ ಪಾಸ್ ಆಗುವುದಿಲ್ಲ” ಎಂದು ಸುಜಿತ್ ಪಾಯಸದ ಪಾತ್ರೆ ಹುಡುಕಿದ. ಪಾಯಸ ಇರಲಿಲ್ಲ. ಬೆಲ್ಲ ಅವಲಕ್ಕಿ ಕೊಟ್ಟಳು.

೧ ನವೆಂಬರ್, ಶನಿವಾರ

ಶೈಮಾಳ ಹಾಲ್‌ನಲ್ಲಿ ಫಲಕ ಕೂರಿಸಿದೆವು. ಬಿಳಿ ಗೋಡೆ, ಎತ್ತರದ ಮಾಡು, ಮರದ ಮೇಲೆ ಮೂರು ಲಿಪಿ. ಆಕಾಶದ ಒಡೆಯ ಮೊದಲಿಗೆ, ಬಾಗಿಲು ಎಂಬ ಹೆಸರು ಬಾಗಿಲಿನ ಪಕ್ಕದಲ್ಲಿ. ಅದು ಶೈಮಾಳ ಯೋಚನೆ. ಗದ್ದುಗೆ ಇಳಿದವನ ಹೆಸರು ಎದುರಿನ ಗೋಡೆಯಲ್ಲಿ ಒಂದೇ, ಕೊನೆಗೆ.

ಸುಜಿತ್ ಏಣಿಯ ಮೇಲೆ, ಅನ್ಸಿಫ್ ಕೆಳಗಿನಿಂದ ಆನಿಸಿ ಹಿಡಿದಿದ್ದ. ಕೊನೆಯ ಸ್ಕ್ರೂ ಬಂದಾಗ ಅನ್ಸಿಫ್ ಅಭ್ಯಾಸದ ಹಾಗೆ ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ನನ್ನ ಕಡೆಗೆ ಚಾಚಿದ. ಸುಜಿತನೂ ಏಣಿಯಿಂದ ಇಳಿಯಲು ಒಂದು ಕಾಲು ಕೆಳಗಿಟ್ಟ. ನಾನು ಫಲಕ ನೋಡುತ್ತಿದ್ದೆ. ಏನೋ ಓರೆ ಇದ್ದ ಹಾಗೆ ಕಂಡಿತು. ಗೋಡೆಗೆ ಅಂಟಿ ನಿಂತವರಿಗೆ ಓರೆ ತಿಳಿಯುವುದಿಲ್ಲ, ಅದಕ್ಕೆ ದೂರ ಬೇಕು. ಫಲಕದಿಂದ ಕಣ್ಣು ತೆಗೆಯದೆ ಹಿಂದೆ ಹಿಂದೆ ನಡೆದೆ, ಹಿಮ್ಮಡಿ ಬಾಗಿಲಿನ ಹೊಸ್ತಿಲಿಗೆ ತಾಗುವವರೆಗೆ. ಅಲ್ಲಿ ಶೈಮಾ ನಿಂತಿದ್ದಳು. ನನ್ನನ್ನು ನೋಡಿ ಯಾಕೋ ನಕ್ಕಳು.

“ಸರಿ ಉಂಟಾ ಮಾಮ?” ಸುಜಿತ್ ತಿರುಗದೆಯೇ ಕೇಳಿದ.

“ಎಡಬದಿ ಒಂದು ನೂಲು ಮೇಲೆ.”

ಎತ್ತಿದ.

“ಈಗ?”

“ಸರಿ. ಬಿಗಿ ಮಾಡು.”